ಮಿತವ್ಯಯವೂ ಜಿಪುಣತನವೂ

ಸಣ್ಣ ಉದ್ಯಮಗಳು ಕೆಡುವುದು ಗಿರಾಕಿಗಳ ಅಭಾವದಿಂದಲೇ ಎಂಬ ಭಾವನೆಯು ನಮ್ಮ ಜನರಲ್ಲಿ ಬೇರೂರಿದೆ. ಅದು ಅರ್ಧಸತ್ಯವು. ಗಿರಾಕಿಗಳು ತುಂಬಿರುವಾಗಲೇ ಬಾಗಿಲಿಕ್ಕಿದ ಅಂಗಡಿಗಳೂ ಉಂಟು. ಬಂದ ಹಣವೆಲ್ಲ ಬಾಡಿಗೆ, ಬಡ್ಡಿ, ಉದ್ರಿ, ಪೋಲು ಎಂಬ ನಾಲ್ಕು ತೂತುಗಳಿಂದ ಸೋರಿಹೋಗುತ್ತಿದ್ದರೆ ಗಲ್ಲೆಯು ಎಷ್ಟು ದೊಡ್ಡದಿದ್ದರೇನು? ವೆಚ್ಚವನ್ನು ಹಿಡಿತದಲ್ಲಿಡುವುದು ಉದ್ಯಮಿಯ ಮೊದಲ ಕರ್ತವ್ಯವೆಂಬುದು ನಿರ್ವಿವಾದವು. ಆದರೆ ಎಲ್ಲಿ ಕಡಿಯಬೇಕು, ಎಲ್ಲಿ ಕಡಿಯಕೂಡದು ಎಂಬ ವಿವೇಕವಿಲ್ಲದಿದ್ದರೆ ಮಿತವ್ಯಯವು ಜಿಪುಣತನವಾಗಿ, ಜಿಪುಣತನವು ಅನ್ಯಾಯವಾಗಿ ಪರಿಣಮಿಸುವುದು.

ಇದಕ್ಕೆ ದೂರದ ನಿದರ್ಶನವೇಕೆ? 1983ರಲ್ಲಿ ಆರ್. ಪ್ರಭಾಕರರು ಬೆಂಗಳೂರಿನ ಜಯನಗರದಲ್ಲಿ ‘ಕೆಫೆ ದರ್ಶಿನಿ’ಯನ್ನು ತೆರೆದರು. ಅಲ್ಲಿಂದ ಹಬ್ಬಿದ ದರ್ಶಿನಿಗಳ ರೀತಿಯನ್ನು ನೋಡಿರಿ. ಗಿರಾಕಿಯು ಮೊದಲು ಹಣ ಕೊಟ್ಟು ಚೀಟಿ ಪಡೆಯುವನು. ಆದುದರಿಂದ ಉದ್ರಿಯ ಮಾತೇ ಇಲ್ಲ. ತಟ್ಟೆಯನ್ನು ತಾನೇ ತಂದುಕೊಂಡು, ಎತ್ತರದ ಮೇಜಿನ ಬಳಿ ನಿಂತು ತಿನ್ನುವನು. ಆದುದರಿಂದ ಕಿರಿದಾದ ಸ್ಥಳವೇ ಸಾಕು. ನಿಂತವನು ಬೇಗನೆ ಹೊರಡುವನಾದ್ದರಿಂದ ಅದೇ ಸ್ಥಳದಲ್ಲಿ ಮತ್ತೊಬ್ಬನಿಗೆ ಅವಕಾಶ. ಇಡ್ಲಿ, ದೋಸೆ, ವಡೆಗಳಿಗೆ ಅಕ್ಕಿ ಉದ್ದುಗಳೇ ಮೂಲ. ಚಟ್ನಿ ಸಾಂಬಾರುಗಳು ಎಲ್ಲಕ್ಕೂ ಸಮಾನ. ತಂದ ಸಾಮಾನು ಬೇಗನೆ ತೀರುವುದರಿಂದ ಬಂಡವಾಳವು ಉಗ್ರಾಣದಲ್ಲಿ ನಿದ್ರಿಸುವುದಿಲ್ಲ. ಹೀಗೆ ಉಳಿದುದರಲ್ಲಿ ಒಂದು ಪಾಲು ಅಗ್ಗದ ಬೆಲೆಯಾಗಿ ವಿದ್ಯಾರ್ಥಿಗೂ ಗುಮಾಸ್ತನಿಗೂ ಮರಳಿ ಬಂದಿತು. ಇಲ್ಲಿ ಕಡಿದದ್ದು ಆಡಂಬರವನ್ನೇ ಹೊರತು ರುಚಿಯನ್ನಲ್ಲ.

ಇನ್ನು ಕೆಟ್ಟ ಮಿತವ್ಯಯವನ್ನು ನೋಡೋಣ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದು ಒಂದು. ಎಣ್ಣೆಯಲ್ಲಿ ಕೆಟ್ಟ ಅಂಶವು ಶೇಕಡಾ 25ನ್ನು ಮೀರಿದರೆ ಅದನ್ನು ಬಳಸಕೂಡದೆಂಬ ನಿಯಮವು 2018ರ ಜುಲೈ 1ರಿಂದ ಜಾರಿಯಲ್ಲಿದೆ. ತಟ್ಟೆ ತೊಳೆಯಲು ಎಳೆಯ ಹುಡುಗರನ್ನು ನಿಲ್ಲಿಸುವುದು ಇನ್ನೊಂದು. ಹೋಟೆಲುಗಳಲ್ಲಿ ಮಕ್ಕಳ ದುಡಿಮೆಯು 2006ರ ಅಕ್ಟೋಬರದಲ್ಲಿಯೇ ನಿಷಿದ್ಧವಾಯಿತು. ಮೂರನೆಯದು, ಆಳಿನ ಸಂಬಳಕ್ಕೆ ಕತ್ತರಿ. ಕನಿಷ್ಠ ವೇತನವೆಂಬ ತತ್ತ್ವವು ಈ ದೇಶದಲ್ಲಿ 1948ರಲ್ಲಿಯೇ ಶಾಸನವಾಯಿತೆಂಬುದನ್ನು ಎಷ್ಟು ಮಾಲಕರು ನೆನೆಯುವರು?

“ಸಂಬಳ ಸರಿಯಾಗಿ ಕೊಟ್ಟರೆ ನಾವು ಬದುಕುವುದೆಂತು?” ಎಂದು ಕೆಲವರು ಕೇಳುವರು. ಪ್ರಶ್ನೆಯು ಸಹಜವಾದುದೇ, ಏಕೆಂದರೆ ಬಾಡಿಗೆಯನ್ನು ಇಳಿಸುವುದು ಅವರ ಕೈಯಲ್ಲಿಲ್ಲ, ಸಂಬಳವನ್ನು ಇಳಿಸುವುದು ಕೈಯಲ್ಲಿದೆ. ಆದರೆ ಆಳಿನ ಹೊಟ್ಟೆಯಿಂದ ಉಳಿಸಿದ ಹಣವು ಲಾಭವಲ್ಲ. ಪತ್ರವಿಲ್ಲದೆ ಎತ್ತಿದ ಸಾಲ. ನುರಿತ ಅಡಿಗೆಯವನು ಬಿಟ್ಟುಹೋದ ದಿನವೇ ಆ ಸಾಲದ ವಾಯಿದೆ ತೀರುವುದು. ಹೊಸಬನು ಕೈ ಕುದುರಿಸಿಕೊಳ್ಳುವವರೆಗೆ ಸೀದ ದೋಸೆ, ಚೆಲ್ಲಿದ ಹಿಟ್ಟು, ಮುನಿದ ಗಿರಾಕಿ ಇವೆಲ್ಲ ಅದರ ಬಡ್ಡಿ.

ಹಾಗಾದರೆ ಉಪಾಯವೇನು? ಪ್ರತಿ ರಾತ್ರಿ ಕಿರ್ದಿಯನ್ನು ಬರೆಯಬೇಕು. ಮಾರಾಟದ ಜೊತೆಗೆ ಉಳಿದು ಚೆಲ್ಲಿದುದನ್ನೂ ಅದರಲ್ಲಿ ಕಾಣಿಸಬೇಕು. ಚೆಲ್ಲಿದುದರ ಲೆಕ್ಕವಿಟ್ಟವನು ಮರುದಿನ ತೂಗಿ ನೆನೆಹಾಕುವನು. ಮನೆಯ ಖರ್ಚನ್ನು ಅಂಗಡಿಯ ಖರ್ಚಿನೊಡನೆ ಬೆರಸಕೂಡದು. ಸಾಲ ಮಾಡಿ ಗೋಡೆಯನ್ನು ಸಿಂಗರಿಸುವ ಮೊದಲು ಆ ಬಡ್ಡಿಗೆ ದಿನಕ್ಕೆ ಎಷ್ಟು ತಟ್ಟೆ ಇಡ್ಲಿ ಮಾರಬೇಕಾದೀತೆಂದು ಎಣಿಸಬೇಕು. ಶಾಲೆಯಲ್ಲಿ ಬಡ್ಡಿಯ ಲೆಕ್ಕ ಕಲಿಸುವ ಉಪಾಧ್ಯಾಯರು ಇಂಥದೊಂದು ಅಂಗಡಿಯ ಕಿರ್ದಿಯನ್ನೇ ಪಾಠವಾಗಿ ತೆಗೆದುಕೊಂಡರೆ ನಾಡಿಗೆ ದೊಡ್ಡ ಉಪಕಾರವಾದೀತು.

ಖರ್ಚನ್ನು ಕಡಿಯುವ ಕತ್ತರಿಯು ಮೊದಲು ಪೋಲಿನ ಮೇಲೆ, ಆಮೇಲೆ ಆಡಂಬರದ ಮೇಲೆ ಆಡಲಿ. ಆಳಿನ ಅನ್ನದ ಮೇಲೆ ಎಂದಿಗೂ ಬೇಡ.