ಕತೆ ಗೊತ್ತಲ್ವಾ, ಮತ್ತ್ಯಾಕೆ?

'ಬಂಗಾರದ ಮನುಷ್ಯ'ವನ್ನು ಹತ್ತು ಸಲ ನೋಡಿದ್ದೀನಿ ಅಂದ್ರೆ ಯಾರೂ ಹುಬ್ಬೇರಿಸಲ್ಲ. ಅದೇ 'ಸತ್ತವರ ನೆರಳು' ನಾಟಕಕ್ಕೆ ನಾಲ್ಕನೇ ಸಲ ಹೊರಟರೆ, "ಕತೆ ಗೊತ್ತಲ್ವಾ ಮಾರಾಯಾ, ಮತ್ತ್ಯಾಕೆ?" ಅಂತಾರೆ.

ನನಗನ್ನಿಸೋದು ಇದರ ಉಲ್ಟಾ. 1972ರ ಆ ಸಿನಿಮಾದಲ್ಲಿ ರಾಜಕುಮಾರ್ ಕೊನೆಗೆ ಊರು ಬಿಟ್ಟು ಹೋಗೇ ಹೋಗ್ತಾರೆ, ನಾವು ನೋಡಲಿ ಬಿಡಲಿ. ನಾಟಕ ಹಾಗಲ್ಲ. ಜಿ.ಬಿ. ಜೋಶಿಯವರ 'ಸತ್ತವರ ನೆರಳು'ವನ್ನು ದಾಸರ ಪದಗಳ ಜೊತೆ ರಂಗಕ್ಕೆ ತಂದ ಬಿ.ವಿ. ಕಾರಂತರು 2002ರಲ್ಲಿ ತೀರಿಕೊಂಡರು. ಆಮೇಲೂ ಬೆನಕದವರು ಅದನ್ನು ಆಡಿದ್ದಾರೆ. ಆ ಸಂಗೀತ, ಆ ಚಲನೆ ಉಳಿದದ್ದು ಡಬ್ಬದೊಳಗಿನ ರೀಲಿನಲ್ಲಲ್ಲ, ಹಳಬರಿಂದ ಹೊಸಬರು ಕಲಿತ ದನಿಯಲ್ಲಿ, ಮೈಯಲ್ಲಿ. ಕೆಲವು ವರ್ಷ ಆಡದೇ ಬಿಟ್ಟರೆ ಕೊಂಡಿ ಕಳಚಿತು ಅಂತಲೇ ಲೆಕ್ಕ. ಪುಸ್ತಕದಲ್ಲಿ ಮಾತು ಸಿಗುತ್ತೆ, ಆಟ ಸಿಗಲ್ಲ.

ಮೊದಲ ಸಲ ನಾವು ಕತೆ ನೋಡ್ತೀವಿ. ಎರಡನೇ ಸಲವೇ ಮೇಳದ ಮೂಲೆಯಲ್ಲಿ ನಿಂತವನ ಮುಖ ಕಣ್ಣಿಗೆ ಬೀಳೋದು. ಹೊಸ ನಾಟಕದ ಮೊದಲ ಪ್ರದರ್ಶನಕ್ಕೆ ನೆಂಟರು, ಗೆಳೆಯರು ಹೇಗೂ ಬರ್ತಾರೆ. ಹಳೇ ನಾಟಕ ಬದುಕೋದು ಮತ್ತೆ ಟಿಕೆಟ್ ತಗೊಳ್ಳೋರಿಂದ.

ಅದಕ್ಕೇ ಕೇಳ್ತೀನಿ, ನೀವು ಯಾವ ನಾಟಕವನ್ನ ಎಷ್ಟು ಸಲ ನೋಡಿದ್ದೀರಿ? ಒಂದೇ ಸಲ ಅಂದ್ರೆ, ಇನ್ನೊಮ್ಮೆ ಹೋಗಿಬನ್ನಿ... ಅದು ಇರೋವಾಗಲೇ.