ಕಾರವಾರದ ಕಡಲತಡಿಯಲ್ಲಿ ಕಾವಲು ಹಕ್ಕಿ

ಹೊಸದುರ್ಗ, ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೀವು ನೋಡಿಯೇ ಇರುತ್ತೀರಿ. ಅಲ್ಲಿ ಗಾಳಿ ಅಲಗನ್ನು ತಿರುಗಿಸುತ್ತದೆ. ಇದನ್ನೇ ತಿರುವುಮುರುವು ಮಾಡಿ: ಎಂಜಿನ್ನು ಅಲಗನ್ನು ತಿರುಗಿಸಲಿ, ಅಲಗು ಗಾಳಿಯನ್ನು ಹಿಂದಕ್ಕೆ ನೂಕಲಿ. ಅದೇ ವಿಮಾನದ ಪ್ರೊಪೆಲ್ಲರ್. ಈ ತತ್ವದ ಬಹು ದೊಡ್ಡ ಮಾದರಿಯೊಂದು ಈಗ ನಮ್ಮ ರಾಜ್ಯದಲ್ಲೇ ಇದೆ. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕೆಯ ಸಂಗ್ರಹಾಲಯದ ಪಕ್ಕದಲ್ಲಿ ನಿಂತಿರುವ ಟುಪೊಲೆವ್ ಟಿಯು-142.

ನೌಕಾಪಡೆಗೆ ಇಂಥ 8 ವಿಮಾನಗಳು ಸೋವಿಯತ್ ಒಕ್ಕೂಟದಿಂದ ಬಂದವು. 1988ರಲ್ಲಿ ಗೋವೆಯಲ್ಲಿ ಸೇವೆ ಆರಂಭ, 1992ರಲ್ಲಿ ತಮಿಳುನಾಡಿನ ಅರಕ್ಕೋಣಕ್ಕೆ ವರ್ಗ, 2017ರ ಮಾರ್ಚ್ 29ರಂದು ನಿವೃತ್ತಿ. ಮೂಲತಃ ಇದು 1952ರಲ್ಲಿ ಮೊದಲು ಹಾರಿದ ಟಿಯು-95 ಬಾಂಬರಿನ ತಮ್ಮ.

ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 50 ಮೀಟರ್. ನಾಲ್ಕು ಎಂಜಿನ್ನು, ಒಂದೊಂದರ ಬಲ ಸುಮಾರು 15,000 ಅಶ್ವಶಕ್ತಿ. 50 ಅಶ್ವಶಕ್ತಿಯ ಟ್ರ್ಯಾಕ್ಟರುಗಳನ್ನು ಲೆಕ್ಕ ಹಾಕಿದರೆ ಒಂದು ಎಂಜಿನ್ನಿಗೆ 300 ಬೇಕು!

ಜೆಟ್ ಇದ್ದ ಕಾಲದಲ್ಲಿ ಪ್ರೊಪೆಲ್ಲರ್ ಏಕೆ? ಒಂಬತ್ತನೇ ತರಗತಿಯ ಪಾಠ ನೆನೆಯಿರಿ. ನೂಕುಬಲ ಗಾಳಿಯ ರಾಶಿ ಮತ್ತು ವೇಗದ ಗುಣಲಬ್ಧವನ್ನು ಅವಲಂಬಿಸಿದರೆ, ಖರ್ಚಾಗುವ ಶಕ್ತಿ ವೇಗದ ವರ್ಗವನ್ನು ಅವಲಂಬಿಸುತ್ತದೆ. ಎರಡರಷ್ಟು ಗಾಳಿಯನ್ನು ಅರ್ಧ ವೇಗದಲ್ಲಿ ನೂಕಿದರೆ ನೂಕುಬಲ ಅಷ್ಟೇ, ಶಕ್ತಿಯ ಖರ್ಚು ಅರ್ಧ. ಹಳೆಯ ಜೆಟ್ಟುಗಳು ಸ್ವಲ್ಪ ಗಾಳಿಯನ್ನು ಬಲು ಬಿರುಸಾಗಿ ಎಸೆದು ಎಣ್ಣೆ ಕುಡಿಯುತ್ತಿದ್ದವು. ಗಂಟೆಗಟ್ಟಲೆ ಕಡಲ ಮೇಲೆ ಸುತ್ತಬೇಕಾದ ಕಾವಲುಗಾರನಿಗೆ ಅದು ಕಟ್ಟುವುದಿಲ್ಲ.

ಪ್ರತಿ ಎಂಜಿನ್ನಿಗೂ ಒಂದರ ಹಿಂದೊಂದು ಎರಡು ಪ್ರೊಪೆಲ್ಲರ್, ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಮುಂದಿನದು ಗಾಳಿಗೆ ಕೊಟ್ಟ ಸುಳಿಯನ್ನು ಹಿಂದಿನದು ನೇರ ಮಾಡಿ, ಪೋಲಾಗುವ ಶಕ್ತಿಯನ್ನು ಉಳಿಸಿಕೊಳ್ಳುತ್ತದೆ. ಅಲಗುಗಳ ತುದಿ ಶಬ್ದದ ವೇಗವನ್ನೂ ಮೀರುವುದರಿಂದ ಇದರ ಗದ್ದಲ ಜಗತ್ಪ್ರಸಿದ್ಧ.

ಗದ್ದಲದ ಈ ಹಕ್ಕಿಯ ಕೆಲಸ ಮಾತ್ರ ಕಿವಿಗೊಟ್ಟು ಕೇಳುವುದು! ಉಪ್ಪುನೀರಿನೊಳಗೆ ರೇಡಾರಿನ ಅಲೆ ಇಳಿಯದು. ಶಬ್ದವಾದರೋ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಆದ್ದರಿಂದ ವಿಮಾನ ಸೋನೋಬಾಯ್ ಎಂಬ ತೇಲುಗೊಳವೆಗಳನ್ನು ಕಡಲಿಗೆ ಬೀಳಿಸುತ್ತದೆ. ಅವು ನೀರೊಳಗೆ ಮೈಕು ಇಳಿಬಿಟ್ಟು, ಜಲಾಂತರ್ಗಾಮಿಯ ಸದ್ದನ್ನು ರೇಡಿಯೋ ಮೂಲಕ ಮೇಲಕ್ಕೆ ತಿಳಿಸುತ್ತವೆ.

ಇಲ್ಲೊಂದು ಯೋಚಿಸುವ ವಿಷಯವಿದೆ. 1961ರ ಅಕ್ಟೋಬರ್ 30ರಂದು ಇತಿಹಾಸದ ಅತಿ ದೊಡ್ಡ ಜಲಜನಕ ಬಾಂಬನ್ನು ಬೀಳಿಸಿದ್ದು ಇದರ ಅಣ್ಣ ಟಿಯು-95. 2022ರಿಂದೀಚೆಗೆ ಉಕ್ರೇನಿನ ಮೇಲೆ ಕ್ಷಿಪಣಿ ಬಿಟ್ಟದ್ದೂ ಅದೇ ವಂಶ. ತಮ್ಮನದೂ ಆಯುಧ ಹೊತ್ತ ವಿಮಾನವೇ. ಆದರೂ ನಮ್ಮಲ್ಲಿ 29 ವರ್ಷ ಕಡಲು ಕಾದು ವಿಶ್ರಾಂತಿ ಪಡೆಯಿತು. ಎಂಜಿನ್ನು ಒಂದೇ, ನಿಯಮ ಒಂದೇ. ಬಳಸುವ ಕೈ ಬೇರೆ. ಭೌತಶಾಸ್ತ್ರದ ಪುಸ್ತಕ ಇದನ್ನು ಹೇಳುವುದಿಲ್ಲ, ಮೇಷ್ಟ್ರು ಹೇಳಬೇಕು.

ಇದರ ಜಾಗಕ್ಕೆ 2013ರಿಂದ ಪಿ-8ಐ ಜೆಟ್ಟುಗಳು ಬಂದಿವೆ. ಹೊಸ ಜೆಟ್ಟುಗಳು ದೊಡ್ಡ ಫ್ಯಾನಿನಿಂದ ಹೆಚ್ಚು ಗಾಳಿಯನ್ನು ನಿಧಾನವಾಗಿ ನೂಕುವುದನ್ನು ಕಲಿತಿವೆ. ಅಂದರೆ ಪ್ರೊಪೆಲ್ಲರಿನ ಪಾಠವನ್ನೇ.

ಕಾರವಾರದ ವಿಮಾನಕ್ಕೆ ಈಗಿರುವ ಶತ್ರು ಉಪ್ಪುಗಾಳಿ. ಅಲ್ಯೂಮಿನಿಯಮ್ಮಿನ ಮೈಗೆ ಆಕ್ಸೈಡಿನ ತೆಳು ಪೊರೆಯೇ ಕವಚ. ಉಪ್ಪಿನ ಕ್ಲೋರೈಡ್ ಅದನ್ನು ಕೊರೆದು ಗುಳಿ ಮಾಡುತ್ತದೆ. ಸಿಹಿನೀರಿನಲ್ಲಿ ತೊಳೆಯುವುದು, ಕಾಲಕಾಲಕ್ಕೆ ಬಣ್ಣ ಬಳಿಯುವುದು ತಪ್ಪಬಾರದು. ಆಕಾಶದಲ್ಲಿ ಉಳಿದದ್ದು ನೆಲದ ಮೇಲೆ ಸವೆಯಬಾರದಲ್ಲವೇ?

ಮಕ್ಕಳ ಪ್ರವಾಸಕ್ಕೆ ಕಾರವಾರಕ್ಕೆ ಹೋದರೆ ಫೋಟೋ ಹಿಡಿದು ಓಡಬೇಡಿ. ಅಲಗುಗಳನ್ನು ಎಣಿಸಲು ಹೇಳಿ: ಎಂಜಿನ್ನಿಗೆ ಎಂಟು. ಹಿಂದಿನ ಮತ್ತು ಮುಂದಿನ ಸಾಲಿನ ತಿರುಚು ಎದುರುಬದುರಾಗಿರುವುದನ್ನು ತೋರಿಸಿ, ಏಕೆಂದು ಕೇಳಿ. ಉತ್ತರ ಅವರೇ ಹೇಳಲಿ.