ದಕ್ಕೆಗೆ ಒಂದು ಸರಿಯಾದ ಪ್ಲಗ್ ಪಾಯಿಂಟ್ ಕೊಡಿ

ನಾಡದೋಣಿಗೂ ಕರೆಂಟಿಗೂ ಏನು ಸಂಬಂಧ ಎಂದು ಘಟ್ಟದ ಮೇಲಿನ ಓದುಗರು ಕೇಳಬಹುದು. ಈಗ ಬಹಳ ಸಂಬಂಧ ಇದೆ. ರಾತ್ರಿಯ ದೀಪ, ಜಿಪಿಎಸ್, ಫಿಶ್ ಫೈಂಡರ್, ವೈರ್‌ಲೆಸ್, ಮೊಬೈಲ್ ಚಾರ್ಜ್, ಎಲ್ಲವೂ ಒಂದೇ 12 ವೋಲ್ಟ್ ಬ್ಯಾಟರಿಯ ಮೇಲೆ. ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್‌ಗಳನ್ನು ದೇಶದ 1 ಲಕ್ಷ ಮೀನುಗಾರಿಕಾ ದೋಣಿಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಚಾಲನೆ ಸಿಕ್ಕಿತು. ಒಳ್ಳೆಯದೇ. ಆದರೆ ದೋಣಿಗೆ ಸಾಧನ ಹೆಚ್ಚಿದಷ್ಟೂ ಕರೆಂಟಿನ ಖರ್ಚು ಹೆಚ್ಚು. ಆ ಬ್ಯಾಟರಿಯನ್ನು ಎಲ್ಲಿ ಚಾರ್ಜ್ ಮಾಡಬೇಕು ಎಂಬ ಮಾತು ಮಾತ್ರ ನಮ್ಮ ಸಭೆಗಳಲ್ಲಿ ಬರುವುದೇ ಇಲ್ಲ.

ಟ್ರಾಲ್ ಬೋಟಿನಲ್ಲಿ ಡೀಸೆಲ್ ಎಂಜಿನ್ ತಿರುಗುವಾಗ ಆಲ್ಟರ್ನೇಟರ್ ಬ್ಯಾಟರಿ ತುಂಬಿಸುತ್ತದೆ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಸಣ್ಣ ಔಟ್‌ಬೋರ್ಡ್ ಎಂಜಿನ್‌ಗಳಲ್ಲಿ ಹಲವಕ್ಕೆ ಆ ಸೌಲಭ್ಯ ಇಲ್ಲ. ಅಂಥ ದೋಣಿಯವರಿಗೆ ಎರಡೇ ದಾರಿ. 25–30 ಕಿಲೋ ತೂಗುವ ಬ್ಯಾಟರಿ ಹೊತ್ತು ಮನೆಗೋ ಅಂಗಡಿಗೋ ಹೋಗಬೇಕು, ಇಲ್ಲವೇ ಹತ್ತಿರದ ಯಾವುದಾದರೂ ಬೋರ್ಡಿನಿಂದ ದೋಣಿಗೆ ವೈರ್ ಎಳೆಯಬೇಕು.

ಸುದ್ದಿಗೆಂದು ನಾನು ಹೋಗುವ ದಕ್ಕೆಯೊಂದರಲ್ಲಿ ಈ ಎರಡನೇ ದಾರಿಯೇ ರೂಢಿ. ಪಿನ್ ಇಲ್ಲದ ವೈರಿನ ತುದಿಗಳನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಚುಚ್ಚಿ ನಿಲ್ಲಿಸಿರುತ್ತಾರೆ. ನಡುವೆ ಮೂರು ಕಡೆ ಟೇಪ್ ಸುತ್ತಿದ ಜಾಯಿಂಟ್. ವೈರ್ ಹಾದುಹೋಗುವುದು ಮೀನಿನ ನೀರು, ಕರಗಿದ ಐಸ್, ಉಪ್ಪುನೀರಿನ ಮಧ್ಯೆ. ಅದರ ಮೇಲೆಯೇ ಬುಟ್ಟಿ ಹೊತ್ತ ಹೆಂಗಸರು ಬರಿಗಾಲಲ್ಲಿ ದಾಟುತ್ತಾರೆ.

‘ಏನಾದರೂ ಆದರೆ ಎಂಸಿಬಿ ಬೀಳುತ್ತದಲ್ಲ’ ಎಂಬ ಮಾತನ್ನು ಓದಿದವರ ಬಾಯಲ್ಲೂ ಕೇಳಿದ್ದೇನೆ. ಬೀಳುವುದಿಲ್ಲ! ಎಂಸಿಬಿ ಇರುವುದು ವೈರ್ ಸುಡದಂತೆ ಕಾಯಲು. 16 ಆಂಪಿಯರ್‌ನ ಎಂಸಿಬಿ ಬೀಳಬೇಕಾದರೆ ಅದಕ್ಕಿಂತ ಹೆಚ್ಚು ಕರೆಂಟು ಹರಿಯಬೇಕು. ಮನುಷ್ಯನ ಎದೆಬಡಿತ ನಿಲ್ಲಿಸಲು ಒಂದು ಆಂಪಿಯರ್‌ನ ಹತ್ತನೇ ಒಂದು ಭಾಗ ಸಾಕು. ಜೀವ ಕಾಯುವುದು ಆರ್‌ಸಿಸಿಬಿ ಎಂಬ ಬೇರೆಯೇ ಸ್ವಿಚ್. ಹೋದ ಕರೆಂಟು ಅಷ್ಟೇ ವಾಪಸ್ ಬಂತೇ ಎಂದು ಅದು ಲೆಕ್ಕ ಇಡುತ್ತದೆ. ಯಾರದೋ ಮೈ ಮೂಲಕ ನೆಲಕ್ಕೆ ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುತ್ತದೆ. ಕೇಳಿ ತರಬೇಕಾದದ್ದು 30 ಮಿಲಿಆಂಪಿಯರ್‌ನದು. ಲಕ್ಷಗಟ್ಟಲೆ ಖರ್ಚು ಮಾಡಿ ಕಟ್ಟುವ ದಕ್ಕೆಯಲ್ಲಿ ಇದೊಂದು ಇರುವುದಿಲ್ಲ ಎಂದರೆ ನನ್ನ ಮಟ್ಟಿಗೆ ಅದು ಹಣದ ಕೊರತೆ ಅಲ್ಲ, ಅಸಡ್ಡೆ.

ಬಿಲ್ ಯಾರು ಕಟ್ಟುತ್ತಾರೆ ಎಂಬುದು ಅಧಿಕಾರಿಗಳ ಮೊದಲ ಪ್ರಶ್ನೆ. ಲೆಕ್ಕ ಹಾಕೋಣ. 12 ವೋಲ್ಟ್, 100 ಆಂಪಿಯರ್ ಅವರ್‌ನ ಬ್ಯಾಟರಿ ಪೂರ್ತಿ ಖಾಲಿ ಇದ್ದರೂ ತುಂಬಲು, ನಷ್ಟ ಸೇರಿ, ಸುಮಾರು ಒಂದೂವರೆ ಯೂನಿಟ್. ಯೂನಿಟ್ಟಿಗೆ 10 ರೂಪಾಯಿ ಎಂದೇ ಹಿಡಿದರೂ 15 ರೂಪಾಯಿ. ಮೀನುಗಾರರ ಸಂಘದ ಹೆಸರಲ್ಲಿ ಮೀಟರ್ ತೆಗೆದುಕೊಂಡು ಬ್ಯಾಟರಿಗೆ 20 ರೂಪಾಯಿ ಇಟ್ಟರೆ ಯಾರೂ ಬೇಡ ಅನ್ನುವುದಿಲ್ಲ. ಕದ್ದು ಎಳೆಯುವವರು ಕದಿಯಬೇಕೆಂದು ಎಳೆಯುತ್ತಿಲ್ಲ, ಬೇರೆ ಪಾಯಿಂಟ್ ಇಲ್ಲದ್ದಕ್ಕೆ ಎಳೆಯುತ್ತಿದ್ದಾರೆ.

ಅಲ್ಲಿಯವರೆಗೆ 230 ವೋಲ್ಟಿನ ವೈರನ್ನು ದೋಣಿಗೆ ಇಳಿಸಲೇಬೇಡಿ. ಭಾರವಾದರೂ ಬ್ಯಾಟರಿಯನ್ನೇ ಒಣ ಜಾಗಕ್ಕೆ ತನ್ನಿ. ಚಾರ್ಜರ್‌ನ ಕ್ಲಿಪ್ ಮೊದಲು ಹಾಕಿ, ಆಮೇಲೆ ಸ್ವಿಚ್ ಒತ್ತಿ. ಬಿಚ್ಚುವಾಗ ಮೊದಲು ಸ್ವಿಚ್ ಆಫ್. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಒಂದು ಕಿಡಿಗೆ ಸಿಡಿಯಬಹುದು. ಬೀಡಿ ದೂರ ಇರಲಿ, ಕಿಟಕಿ ತೆರೆದಿರಲಿ. ತುಂಬಿದ ಮೇಲೆ ತಾನೇ ಕಡಿಮೆ ಮಾಡಿಕೊಳ್ಳುವ ಆಟೊಮ್ಯಾಟಿಕ್ ಚಾರ್ಜರ್ ಕೊಳ್ಳಿ. ಜೂನ್ 1ರಿಂದ ಜುಲೈ 31ರ ನಿಷೇಧದ ದಿನಗಳಲ್ಲಿ ಬೋಟು ಕಟ್ಟಿಹಾಕಿದವರಿಗೂ ಒಂದು ಮಾತು: ಖಾಲಿ ಬ್ಯಾಟರಿಯನ್ನು ಎರಡು ತಿಂಗಳು ಮೂಲೆಗೆ ಹಾಕಿದರೆ ಆಗಸ್ಟ್‌ನಲ್ಲಿ ಹೊಸದು ತರಬೇಕಾದೀತು. ನಿಲ್ಲಿಸಿಟ್ಟ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12ಕ್ಕೆ ಇಳಿದಿದ್ದರೆ ತಡಮಾಡದೆ ಚಾರ್ಜ್‌ಗೆ ಹಾಕಿ.

ಸರಿಯಾದ ಪಾಯಿಂಟ್ ಬಂದ ಮೇಲೆ ದೋಣಿಯಲ್ಲೇ ಚಾರ್ಜರ್ ಕೂರಿಸಬಹುದು. ನೀರು ಹೊಡೆಯದ ಎತ್ತರದಲ್ಲಿ ಸ್ಕ್ರೂ ಹಾಕಿ ಬಿಗಿಯಬೇಕು, ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ ಫ್ಯೂಸ್ ಇರಬೇಕು. ದಡದಿಂದ ಬರುವ ಕೇಬಲ್ ಜಾಯಿಂಟ್ ಇಲ್ಲದ ಒಂದೇ ತುಂಡಾಗಿರಲಿ, ಉಬ್ಬರ ಇಳಿತಕ್ಕೆ ಎಳೆದುಹೋಗದಷ್ಟು ಸಡಿಲ ಇರಲಿ, ಆದರೆ ನೀರಿಗೆ ಬೀಳದಿರಲಿ. ಮೊದಲು ದೋಣಿಯ ಕಡೆ ಸಿಕ್ಕಿಸಿ, ನಂತರ ದಡದ ಕಡೆ. ತೆಗೆಯುವಾಗ ದಡದ್ದೇ ಮೊದಲು.

ಅರ್ಜಿ ದಕ್ಷಿಣ ಕನ್ನಡ, ಉಡುಪಿಯವರು ಮೆಸ್ಕಾಂಗೆ, ಉತ್ತರ ಕನ್ನಡದವರು ಹೆಸ್ಕಾಂಗೆ ಕೊಡಬೇಕು, ಒಂದು ಪ್ರತಿ ಮೀನುಗಾರಿಕೆ ಇಲಾಖೆಗೆ. ಮುಚ್ಚಳ ಇರುವ ಸಾಕೆಟ್, ಅರ್ಥಿಂಗ್, ಆರ್‌ಸಿಸಿಬಿ, ಮೀಟರ್ ಎಂದು ನಾಲ್ಕನ್ನೂ ಬಿಡಿಸಿ ಬರೆಯಿರಿ. ಬೆಂಕಿಕಡ್ಡಿ ಚುಚ್ಚಿದ ಈಗಿನ ಬೋರ್ಡಿನ ಫೋಟೊವನ್ನೂ ಲಗತ್ತಿಸಿ.